ನೀರು ತೋರಿಸಿದ ಬೀಜ

ಒಂದು ಮುಷ್ಟಿ ತೊಗರಿಯನ್ನು ಅಂಗೈಯಲ್ಲಿ ಹರಡಿಕೊಂಡು ತೀರ್ಪು ಕೊಡುವುದು ನಮ್ಮ ಮನೆತನದ ಚಟ. ಅಪ್ಪ ಜಹೀರಾಬಾದಿನ ಗಂಜ್‌ನಲ್ಲಿ, ಕಾಳಿನ ಪೇಟೆಯಲ್ಲಿ, ಅಡತಿ ಅಂಗಡಿ ಇಟ್ಟಿದ್ದರು. ಚೀಲಕ್ಕೆ ಕೈ ಹಾಕಿ, ಹಿಡಿ ಕಾಳು ತೆಗೆದು, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಸರಿಸಿ "ಬೆರಕಿ ಅದ", ಅಂದರೆ ಕಲಬೆರಕೆ, ಎಂದರೆ ಮುಗಿಯಿತು. ಚೀಲ ತಂದವನು ಎರಡನೆಯ ಮಾತಾಡುತ್ತಿರಲಿಲ್ಲ. ನಾನು ಅಂಗಡಿಯಲ್ಲಿ ಕೂರಲಿಲ್ಲ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ತೊಗರಿ ಗಿಡದ ಜೀನ್‌ಗಳ ಕೆಲಸಕ್ಕೆ ಸೇರಿಕೊಂಡೆ. ಆದರೆ ಕೈ ಮಾತ್ರ ಅಪ್ಪನದೇ. ಆ ಕೈ ಒಬ್ಬ ಮುದುಕಿಗೆ ಮಾಡಿದ ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಗಿಡದ ಪ್ರತಿ ಜೀವಕೋಶದಲ್ಲೂ ಅದರ ಎಲ್ಲ ಜೀನ್‌ಗಳೂ ಇರುತ್ತವೆ, ಆದರೆ ಬಹುಪಾಲು ಸುಮ್ಮನೆ ಬಿದ್ದಿರುತ್ತವೆ. ಯಾವಾಗ ಯಾವುದು ಏಳಬೇಕು ಎಂದು ನಡೆಸುವ ಕೆಲವು ಪ್ರೋಟೀನ್‌ಗಳಿವೆ. ಅವಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತೇವೆ. ನೆಲ ಒಣಗಿತೆಂಬ ಸುದ್ದಿ ಎಲೆಗೆ ತಲುಪಿದಾಗ ಇಂಥದೊಂದು ಪ್ರೋಟೀನ್ ಕೋಶದ ಒಳಮನೆಗೆ ಹೋಗಿ, ಡಿಎನ್‌ಎಯಲ್ಲಿ ತನಗೆ ಗುರುತಿರುವ ನಾಲ್ಕಾರು ಅಕ್ಷರಗಳನ್ನು ಹುಡುಕಿ, ಅಲ್ಲಿ ಕೂರುತ್ತದೆ. ಅದು ಕೂತ ಮೇಲೆಯೇ ಮುಂದಿನ ಜೀನ್ ಓದಲ್ಪಡುತ್ತದೆ, ಅದರ ಪ್ರತಿಗಳು ಹೊರಬೀಳುತ್ತವೆ, ಎಲೆಯನ್ನು ಬಾಡದಂತೆ ಕಾಯುವ ಸಾಮಗ್ರಿ ತಯಾರಾಗುತ್ತದೆ. ಪ್ರತಿಗಳು ಎಷ್ಟಿವೆ ಎಂದು ಎಣಿಸಿದರೆ ಜೀನ್ ಎದ್ದಿದೆಯೋ ಮಲಗಿದೆಯೋ ಗೊತ್ತಾಗುತ್ತದೆ. ಮಳೆ ನಿಂತ ಎಷ್ಟನೆಯ ದಿನಕ್ಕೆ ಯಾವ ತೊಗರಿಯಲ್ಲಿ ಈ ಜೀನ್ ಏಳುತ್ತದೆ ಎಂಬುದನ್ನು ನೋಡಲು ನನ್ನನ್ನು ನಮ್ಮದೇ ಸೀಮೆಗೆ ಕಳಿಸಿದ್ದರು.

ಪಸ್ತಾಪುರದ ಆಚೆ ಒಂದು ಊರಿನಲ್ಲಿ ಎಪ್ಪತ್ತು ದಾಟಿದ ಒಬ್ಬ ರೈತ ಹೆಂಗಸಿದ್ದಳು. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅಲ್ಲಿಯ ಹೆಣ್ಣುಮಕ್ಕಳ ಸಂಘಕ್ಕೆ ತೊಗರಿಬೀಜ ಕೊಡುವ ಮನೆ ಅವಳದು. ಬಿತ್ತನೆಯ ಮಿರಗದ ಮಳೆಗೆ, ಮೃಗಶಿರಕ್ಕೆ, ಎಂಟು ದಿನ ಮುಂಚೆ ಎಲ್ಲರೂ ಬುಟ್ಟಿ ಹಿಡಿದು ಅವಳ ಅಂಗಳಕ್ಕೆ ಬರುತ್ತಾರೆ, ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಎರಡು ಸೇರು ತಂದು ಹಾಕುತ್ತಾರೆ. ಒಬ್ಬರ ಬೀಜ ಹೀಗೆ ಊರ ಹೊಲವನ್ನೆಲ್ಲ ಸುತ್ತುವುದರಿಂದ, ಕೊಡುವ ಮನೆಯ ಬೀಜ ಚೊಕ್ಕವಾಗಿರಬೇಕು. ಅವಳ ಅತ್ತೆಯ ಕಾಲದಿಂದ ಆ ಅಂಗಳ ಬದಲಾಗಿರಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಮಳೆ ಹತ್ತು ದಿನ ಕಾಣೆಯಾಯಿತು. ನನಗೆ ಬೇಕಾದದ್ದೂ ಅದೇ. ಜೀನ್‌ಗಳಿಗೆ ಹೊತ್ತಿನ ಲೆಕ್ಕ ಇರುತ್ತದೆ, ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಅದಕ್ಕೆ ಪ್ರತಿ ಸಲ ಬೆಳಿಗ್ಗೆ ಸರಿಯಾಗಿ ಆರೂವರೆಗೆ, ತುದಿಯಿಂದ ಮೂರನೆಯ ಎಲೆ. ಕಿತ್ತ ಎಲೆಯನ್ನು ಹತ್ತು ಎಣಿಸುವುದರೊಳಗೆ ದ್ರವ ಸಾರಜನಕಕ್ಕೆ ಹಾಕಬೇಕು, ಇಲ್ಲವಾದರೆ ಪ್ರತಿಗಳು ಕರಗಿ ಹೋಗುತ್ತವೆ. ಆ ಸಾರಜನಕವನ್ನು ನಾವು ಒಂದು ಪಶು ಆಸ್ಪತ್ರೆಯಿಂದ ತುಂಬಿಸಿಕೊಳ್ಳುತ್ತಿದ್ದೆವು. ಹೋರಿಯ ವೀರ್ಯ ಕಾಪಿಡುವ ಡಬ್ಬಿಯಂಥದೇ ಡಬ್ಬಿ ಹೊತ್ತು ಹೊಲಕ್ಕೆ ಇಳಿದ ನನ್ನನ್ನು ನೋಡಿ ಆಯಿ ಮೊದಲ ದಿನವೇ ಕೇಳಿದಳು: "ಯಾರ ಎಮ್ಮಿಗಿ ಬಂದೀರಿ ಸಾಹೇಬ್ರ?"

ಮೂರನೆಯ ದಿನ, ಆರನೆಯ ದಿನ, ಒಂಬತ್ತನೆಯ ದಿನ ಎಲೆ ಕಿತ್ತೆ. ಪ್ರಯೋಗಾಲಯದಲ್ಲಿ ಎಣಿಸಿದಾಗ ಆಯಿಯ ಹೊಲದ ಗಿಡಗಳಲ್ಲಿ ಮೂರನೆಯ ದಿನಕ್ಕೇ ಜೀನ್ ಎದ್ದಿತ್ತು. ಹೋಲಿಕೆಗೆಂದು ನೋಡಿದ ನೆರೆಯೂರಿನ ಅಂಗಡಿ ಬೀಜದ ಹೊಲಗಳಲ್ಲಿ ಆರನೆಯ ದಿನಕ್ಕೂ ಅರೆನಿದ್ದೆ. ಮೂರು ದಿನ ಮುಂಚೆ ಎಚ್ಚೆತ್ತ ಗಿಡ ಎಂದರೆ ಒಣಬೇಸಾಯದಲ್ಲಿ ದೊಡ್ಡ ಮಾತು. ಈ ತೊಗರಿಯ ಜೀನಿನ ಮುಂದೆ ಏನೋ ವಿಶೇಷ ಬರಹ ಇದೆ ಎಂದು ನಾನು ಕುಣಿದಾಡಿದೆ.

ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಕುಣಿಯುವವರಲ್ಲ. ಹೊಲದಲ್ಲಿ ನೂರು ಕಾರಣ ಇರುತ್ತವೆ, ಅದೇ ಬೀಜ ತಂದು ಗಾಜಿನ ಮನೆಯಲ್ಲಿ ಕುಂಡದಲ್ಲಿ ಬೆಳೆಸಿ ತೋರಿಸು ಎಂದರು. ನ್ಯಾಯವಾದ ಮಾತು. ಆಯಿಯ ಹತ್ತಿರ ಬೀಜ ಕೇಳಲು ಹೋದೆ. ಬೂದಿ ಮತ್ತು ಬೇವಿನ ಎಲೆ ಹಾಕಿ ಸಗಣಿ ಬಳಿದಿಟ್ಟ ಬುಟ್ಟಿಯ ಬಾಯಿ ತೆಗೆದು, ಒಂದು ಸೇರು ಅಳೆದು ಕೊಟ್ಟಳು.

"ಒಂದು ಸೇರು ಒಯ್ಯಾಕತ್ತೀರಿ, ನೆನಪಿರಲಿ" ಎಂದಳು. ಆಮೇಲೆ ಅಂದಳು: "ಬಿತ್ತಾಕ ಮುಂಚೆ ನನಗೊಂದು ಮಾತು ಕೇಳ್ರಿ. ಹಂಗೇ ಬಿತ್ತಬ್ಯಾಡ್ರಿ."

ಆಗಲಿ ಆಯಿ, ಎಂದೆ. ಯಾವುದೋ ವಾರ, ತಿಥಿ, ಕಾಯಿ ಒಡೆಯುವ ಶಾಸ್ತ್ರ ಇರಬೇಕು ಎಂದುಕೊಂಡೆ. ಜೀಪು ಏರುವ ಹೊತ್ತಿಗೆ ಮರೆತೂ ಬಿಟ್ಟೆ. ಪ್ರಯೋಗಾಲಯಕ್ಕೆ ಅದರದೇ ಶಾಸ್ತ್ರ ಇತ್ತು: ಬೀಜವನ್ನು ಮದ್ದಿನ ನೀರಿನಲ್ಲಿ ತೊಳೆ, ಶುದ್ಧ ನೀರಿನಲ್ಲಿ ಜಾಲಿಸು, ಅದೇ ದಿನ ಕುಂಡಕ್ಕೆ ಹಾಕು. ಹಾಗೇ ಮಾಡಿದೆ.

ನಾಲ್ಕು ವಾರದ ಸಸಿಗಳಿಗೆ ನೀರು ನಿಲ್ಲಿಸಿದೆ. ಮೂರನೆಯ ದಿನ ಏನೂ ಇಲ್ಲ. ಆರನೆಯ ದಿನ ಅಂಗಡಿ ಬೀಜದ ಸಸಿಗಳ ಹಾಗೆಯೇ ಅರೆನಿದ್ದೆ. ರಾಸಾಯನಿಕ ಬದಲಿಸಿದೆ, ಹೊಸ ಕುಂಡ, ಹೊಸ ಮಣ್ಣು, ಆಯಿಯ ಹೊಲದ ಮಣ್ಣನ್ನೇ ಚೀಲದಲ್ಲಿ ತರಿಸಿ ಇನ್ನೊಮ್ಮೆ ಮಾಡಿದೆ. ಮತ್ತೆ ಅದೇ. ನಾಲ್ಕು ತಿಂಗಳು ಹೋದವು. ಹೊಲದಲ್ಲಿದ್ದ ಗಿಡವೂ ನಿನಗೆ ಕೊಟ್ಟ ಬೀಜವೂ ಒಂದೇ ಎಂಬುದಕ್ಕೆ ಏನು ಸಾಕ್ಷಿ ಎಂದು ಮುಖ್ಯಸ್ಥೆ ಕೇಳಿದರು.

ಆ ಸಂಜೆ ಉಳಿದ ಬೀಜದ ಚೀಲಕ್ಕೆ ಕೈ ಹಾಕಿದೆ. ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದೆ. ಹೆಚ್ಚಿನವು ಕೆಂಪು, ನಡುನಡುವೆ ಕಂದು ಚುಕ್ಕೆಯವು. ಹಳೆಯ ನಾಟಿ ತಳಿಗಳಲ್ಲಿ ಇಷ್ಟು ಬಣ್ಣಭೇದ ಇದ್ದೇ ಇರುತ್ತದೆಂದು ಪುಸ್ತಕದಲ್ಲಿ ಓದಿದ್ದವನೇ ನಾನು. ಆದರೆ ಪುಸ್ತಕಕ್ಕಿಂತ ಮೊದಲು ಗಂಜ್ ನನ್ನೊಳಗೆ ಕೂತಿತ್ತು. ಬೆರಕಿ, ಎಂದುಕೊಂಡೆ. ಹೊಲದ ಗಿಡದ್ದೂ ಕುಂಡದ ಸಸಿಯದ್ದೂ ಡಿಎನ್‌ಎ ಹೋಲಿಸಿ ನೋಡುವುದು ಒಂದು ವಾರದ ಕೆಲಸ. ಎಲೆಗಳು ಶೀತಪೆಟ್ಟಿಗೆಯಲ್ಲೇ ಇದ್ದವು. ಮಾಡಲಿಲ್ಲ. ಉತ್ತರ ಸಿಕ್ಕಿತೆಂಬ ಸಮಾಧಾನ ಎಷ್ಟು ಸುಖವಾಗಿತ್ತೆಂದರೆ ಅದನ್ನು ಕೆದಕಲು ಮನಸ್ಸಾಗಲಿಲ್ಲ.

ಮುಂದಿನ ಬೇಸಿಗೆಯ ಕೊನೆಗೆ, ಬೀಜ ಕೊಡುವ ದಿನ, ಆಯಿಯ ಅಂಗಳಕ್ಕೆ ಹೋದೆ. ಇನ್ನು ಮೇಲೆ ನಮ್ಮ ಕೆಲಸ ತಾಂಡೂರಿನ ಕಡೆ ಪೆದ್ದೆಮುಲ್‌ನಲ್ಲಿ ನಡೆಯುತ್ತದೆ ಎಂದು ತಿಳಿಸಿ ಬರುವುದಷ್ಟೇ ಇತ್ತು. ಇಪ್ಪತ್ತು ಮೂವತ್ತು ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನಡುವೆ ಆಯಿ, ಮುಂದೆ ಬಾಯಿ ತೆರೆದ ಬೀಜದ ಬುಟ್ಟಿ. ಸಂಘದ ಮುಖಂಡೆ ನಗುತ್ತಾ ಕೇಳಿದಳು: "ನಮ್ಮ ಆಯಿ ಬೀಜದ ಪರೀಕ್ಷಾ ಏನಾತ್ರಿ ಸಾಹೇಬ್ರ? ಪಾಸೋ, ಫೇಲೋ?"

ಸುಮ್ಮನೆ ಇರಬಹುದಿತ್ತು. ಇನ್ನೂ ಮುಗಿದಿಲ್ಲ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಬಗ್ಗಿ ಬುಟ್ಟಿಗೆ ಕೈ ಹಾಕಿದೆ, ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿ, ಹೆಬ್ಬೆರಳಿನಿಂದ ಸರಿಸಿ ಎಲ್ಲರಿಗೂ ತೋರಿಸಿದೆ. "ಬೀಜ ಬೆರಕಿ ಅದರಿ" ಎಂದೆ.

ನಾನು ವಿಜ್ಞಾನಿ ಎಂಬುದಕ್ಕಿಂತ ಅಡತಿ ಸಾವ್ಕಾರರ ಮಗ ಎಂಬುದು ಅವರಿಗೆ ಹೆಚ್ಚು ಗೊತ್ತಿತ್ತು. ಗಂಜ್‌ನಲ್ಲಿ ಈ ಒಂದು ಮಾತಿಗೆ ಗಾಡಿಗಟ್ಟಲೆ ಮಾಲು ವಾಪಸ್ಸಾದದ್ದನ್ನು ಕಂಡವರು. ಆಯಿ ನನ್ನ ಅಂಗೈಗೆ ತನ್ನ ಅಂಗೈ ಒಡ್ಡಿ ಕಾಳನ್ನೆಲ್ಲ ಇಳಿಸಿಕೊಂಡಳು, ಬುಟ್ಟಿಗೆ ಹಾಕಿದಳು, ನೆಲಕ್ಕೆ ಬಿದ್ದಿದ್ದ ಎರಡು ಕಾಳನ್ನೂ ಹುಡುಕಿ ಹಾಕಿದಳು. ಮೊದಲಿನ ಸಾಲಿನ ಹೆಂಗಸು ತನ್ನ ಖಾಲಿ ಬುಟ್ಟಿಯ ಮೇಲೆ ಸೆರಗು ಎಳೆದುಕೊಂಡಳು. "ಈ ಸಲ ನಮ್ಮನ್ಯಾಗ ಗಂಡಮಕ್ಕಳು ಬ್ಯಾರೆ ಬೀಜ ತಂದಾರ ಆಯಿ" ಎಂದು ಯಾರೋ ಮೆಲ್ಲಗೆ ಅಂದು ಎದ್ದರು. ಆಮೇಲೆ ಒಬ್ಬೊಬ್ಬರೇ ಎದ್ದರು. ನಾನು ಚಹಾ ಕುಡಿದು ಜೀಪು ಹತ್ತಿದೆ. ಆಗ ನನಗೆ ಅನಿಸಿದ್ದು ಇಷ್ಟೇ, ಕಹಿಯಾದರೂ ಸತ್ಯ ಹೇಳಿದೆ ಅಂತ. ಈಗ ನೆನೆದರೆ ಮೈ ಮುದುಡುತ್ತದೆ.

ಮೂರು ವಾರದ ಮೇಲೆ ಪೆದ್ದೆಮುಲ್ ಕಡೆಗೆ ಹೋದೆ. ಆಯಿಯ ಮಗಳನ್ನು ಅಲ್ಲಿಯ ಒಂದು ಊರಿಗೆ ಕೊಟ್ಟಿದ್ದರು. ಹೋದ ವರ್ಷ ಅವಳು ತವರಿಗೆ ಬಂದಾಗ ಗುರುತಾಗಿದ್ದರಿಂದ ಡಬ್ಬಿ, ಸಾಮಾನು ಇಡಲು ಅವರ ಪಡಸಾಲೆಯನ್ನೇ ಕೇಳಿದ್ದೆ. ತಾಯಿಯ ಸುದ್ದಿ ಮಗಳಿಗೆ ಇನ್ನೂ ಬಂದಿರಲಿಲ್ಲ, ನಾನೂ ಎತ್ತಲಿಲ್ಲ. ಪಡಸಾಲೆಯ ನೆರಳಿನಲ್ಲಿ ಕಂಬಳಿ ಹಾಸಿ ತೊಗರಿ ಹರಡಿದ್ದಳು. ಮುಟ್ಟಿದರೆ ತಂಪಾಗಿತ್ತು.

"ಇದೇನಕ್ಕಾ, ಮಳಿಗಿ ತೊಯ್ದಾವೇನು?" ಎಂದೆ.

"ತೊಯ್ದಿಲ್ಲರಿ ಅಣ್ಣಾ, ನಾನೇ ತೊಯ್ಸೀನಿ. ಬೀಜಕ್ಕ ನೀರು ತೋರ್ಸಾಕತ್ತೀನಿ. ಒಂದಿಷ್ಟು ಹೊತ್ತು ನೀರಾಗ ಇಟ್ಟು ತಗದು, ನೆರಳಾಗ ಎರಡು ದಿನ ಒಣಗ್ಸೋದು. ಮತ್ತೊಮ್ಮೆ ಹಂಗೇ ಮಾಡಿ ಬಿತ್ತೋದು."

"ಯಾಕ ಹಂಗ?"

"ಒಮ್ಮೆ ನೀರು ತೋರ್ಸಿ ಕಸ್ಕೊಂಡ್ರ ಬೀಜಕ್ಕ ಬುದ್ಧಿ ಬರ್ತದಂತ ನಮ್ಮವ್ವ ಅಂತಾಳ. ಮುಂದ ಮಳಿ ಕೈ ಕೊಟ್ರ ಗಾಬರಿ ಆಗಂಗಿಲ್ಲಂತ." ಆಮೇಲೆ ಕಾಳು ಕೈಯಾಡಿಸುತ್ತಲೇ ಕೇಳಿದಳು: "ನಿಮಗ ಬೀಜ ಕೊಟ್ಟಾಗ ನಮ್ಮವ್ವ ಹೇಳಿಲ್ಲೇನ್ರಿ?"

ಬಿತ್ತುವ ಮುಂಚೆ ಕೇಳು ಎಂದಿದ್ದಳು. ನಾನು ಕೇಳಿರಲಿಲ್ಲ. ಆ ಪಡಸಾಲೆಯಲ್ಲಿ ನಿಂತಲ್ಲೇ ನನ್ನ ನಾಲ್ಕು ತಿಂಗಳ ಕುಂಡಗಳೆಲ್ಲ ಕಣ್ಣಮುಂದೆ ಬಂದವು. ಓದಿ ಓದಿ ಮರುಳಾದ ಎಂದು ಗಾದೆ ಕಟ್ಟಿದವರು ನನ್ನಂಥವನನ್ನು ನೋಡಿಯೇ ಕಟ್ಟಿರಬೇಕು.

ಹೈದರಾಬಾದಿಗೆ ಮರಳಿ ಆಯಿಯ ಬೀಜದಲ್ಲಿ ಎರಡು ಪಾಲು ಮಾಡಿದೆ. ಒಂದಕ್ಕೆ ಮಗಳು ಹೇಳಿದಂತೆ ಎರಡು ಸಲ ನೀರು ತೋರಿಸಿ ಒಣಗಿಸಿದೆ. ಇನ್ನೊಂದನ್ನು ನೇರ ಬಿತ್ತಿದೆ. ಕುಂಡಕ್ಕೆ ಹಾಕಿ ಮಿಕ್ಕ ಬೀಜ ಮುಕ್ಕಾಲು ಸೇರಿನಷ್ಟಿತ್ತು. ಅದರಲ್ಲಿ ಸ್ವಲ್ಪವನ್ನು, ಬೀಜ ಹೆಚ್ಚಲಿ ಎಂದು, ಪ್ರಯೋಗಾಲಯದ ತೋಟದಲ್ಲಿ ಖಾಲಿ ಇದ್ದ ಒಂದು ಪಟ್ಟಿಯಲ್ಲಿ ಬಿತ್ತಿಸಿದೆ. ಆ ಪಟ್ಟಿಯ ಎಡಬಲಕ್ಕೆ ಏನಿದೆ ಎಂದು ನೋಡಲು ಹೋಗಲಿಲ್ಲ. ನಾನು ಎಲೆಯ ಒಳಗಿನ ಕೆಲಸದವನು, ಹೊಲದ್ದು ಕೂಲಿಯವರಿಗೆ ಬಿಟ್ಟದ್ದು.

ನೀರು ನಿಲ್ಲಿಸಿದ ಮೂರನೆಯ ದಿನ, ಬೆಳಿಗ್ಗೆ ಆರೂವರೆ. ನೇರ ಬಿತ್ತಿದ ಸಸಿಗಳಲ್ಲಿ ಜೀನ್ ಮಲಗಿತ್ತು. ನೀರು ತೋರಿಸಿದವುಗಳಲ್ಲಿ ಎದ್ದು ಕೂತಿತ್ತು. ಒಂದೇ ಬುಟ್ಟಿಯ ಬೀಜ. ಹೋದ ವರ್ಷ ಮಾಡದ ಡಿಎನ್‌ಎ ಹೋಲಿಕೆಯನ್ನೂ ಈಗ ಮಾಡಿದೆ. ಹೊಲದ ಗಿಡ, ಕುಂಡದ ಸಸಿ, ಎರಡೂ ಒಂದೇ ಕುಲ. ಬೆರಕಿ ಇರಲಿಲ್ಲ.

ಆ ದಿನವೇ ಹೊರಟು ಆಯಿಯ ಊರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಹೀಗಾಗುತ್ತದೆ ಎಂಬುದನ್ನೂ ತಿಳಿದುಕೊಂಡೇ ಹೋಗೋಣ ಎಂದುಕೊಂಡೆ. ಎಲೆಯ ಡಿಎನ್‌ಎಯನ್ನೂ ಅದಕ್ಕೆ ಅಂಟಿದ ಪ್ರೋಟೀನ್‌ಗಳನ್ನೂ ಇದ್ದಲ್ಲೇ ಬಿಗಿದು, ಚೂರು ಮಾಡಿ, ಬೇಕಾದ ಪ್ರೋಟೀನ್ ಇರುವ ಚೂರುಗಳನ್ನಷ್ಟೇ ಹೆಕ್ಕಿ ಓದುವ ಒಂದು ವಿಧಾನವಿದೆ. ಅದನ್ನು ಹಿಡಿದು ಕೂತೆ. ಮೊದಲ ಎರಡು ಸಲ ಚೂರುಗಳು ದೊಡ್ಡವಾಗಿ ಕೆಟ್ಟಿತು. ಮೂರನೆಯ ಸಲ ಬಂತು. ಡಿಎನ್‌ಎ ನೂಲಿನಂತೆ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ನೀರು ತೋರಿಸಿದ ಸಸಿಗಳಲ್ಲಿ ಆ ಜೀನಿನ ಮುಂದಿನ ಉಂಡೆಗಳ ಮೇಲೆ, ಬರ ಬರುವ ಮೊದಲೇ, ಒಂದು ಗುರುತು ಉಳಿದಿತ್ತು. ಈ ಜಾಗ ಒಮ್ಮೆ ತೆರೆದಿತ್ತು ಎಂದು ಹೇಳುವ ಗುರುತು. ನೆಲ ಒಣಗಿದಾಗ ನಮ್ಮ ಫ್ಯಾಕ್ಟರ್ ಬಂದು ಬಾಗಿಲು ತಳ್ಳಬೇಕಾಗಿರಲಿಲ್ಲ, ಅಗುಳಿ ಮೊದಲೇ ಸರಿದಿತ್ತು. ಬೀಜಕ್ಕೆ ಬುದ್ಧಿ ಬರ್ತದ ಎಂದು ಆಯಿ ಹೇಳುತ್ತಿದ್ದದ್ದು ಇದನ್ನೇ.

ಇಷ್ಟಾಗುವಾಗ ಭಾದ್ರಪದ ಬಂದಿತ್ತು. ಬೆರಕಿ ಎನ್ನಲು ನನಗೆ ಒಂದು ಹಿಡಿ ಕಾಳು ಸಾಕಾಗಿತ್ತು. ಬೆರಕಿಯಲ್ಲ ಎನ್ನಲು ಮೂರು ಪುರಾವೆ ಬೇಕಾದವು. ಆ ಎರಡು ತಿಂಗಳನ್ನು ನೆನೆದು ಈಗಲೂ ನನ್ನನ್ನು ನಾನು ಕ್ಷಮಿಸಲಾರೆ.

ಹೋದಾಗ ಆಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಬೀಜದ ಬುಟ್ಟಿ ಗೋಡೆಗೆ ಬೋರಲು ಹಾಕಿತ್ತು. ನಾನು ಹೇಳಿದ್ದನ್ನೆಲ್ಲ ಮೊರ ನಿಲ್ಲಿಸದೆ ಕೇಳಿದಳು.

"ಹೊಲಕ್ಕ ಈ ಸಲ ಮಗ ಬ್ಯಾರೆ ಬೀಜ ತಂದು ಹಾಕ್ಯಾನರಿ" ಎಂದಳು. "ಮಂದಿ ಒಯ್ಯಲಿಲ್ಲ. ಬೆರಕಿ ಬೀಜ ನಾವರೆ ಯಾಕ ಬಿತ್ತೋದು ಅಂದ. ಬ್ಯಾಳಿ ಮಾಡಿ ಉಂಡ್ವಿ."

ಸ್ವಂತ ಮಗನೇ ನಂಬಲಿಲ್ಲ. ತಪ್ಪಾತು ಆಯಿ, ಎಂದೆ. ಸಂಘದ ಮುಂದೆ ಹೇಳುತ್ತೇನೆ, ನಿನ್ನ ಬೀಜ ಇನ್ನೂ ನನ್ನ ಹತ್ತಿರ ಇದೆ, ತಂದು ಕೊಡುತ್ತೇನೆ ಎಂದೆ.

"ಎಷ್ಟದ?"

"ಅರ್ಧ ಸೇರಿನ ಮ್ಯಾಲ ಅದ."

"ಒಂದು ಸೇರು ಒಯ್ದಿದ್ರಿ. ಎರಡು ತರಬೇಕಲ್ಲ?" ಎಂದಳು. ಮೊದಲ ಸಲ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಸಂಘದ ಹೆಂಗಸರಿಗಿದ್ದ ಲೆಕ್ಕವೇ ನನಗೂ. ನನ್ನನ್ನು ಹೊರಗಿಡಲಿಲ್ಲವಲ್ಲ ಎಂದು ಹಗುರಾದೆ. ತೋಟದ ಪಟ್ಟಿಯಲ್ಲಿ ಅವಳದೇ ತೊಗರಿ ಸೊಂಟದೆತ್ತರ ನಿಂತಿತ್ತು. ಎರಡಲ್ಲ, ನಾಲ್ಕು ಸೇರು ಬರುತ್ತಿತ್ತು.

ಮತ್ತೆ ಮಿರಗದ ಮುಂಚಿನ ಬೀಜದ ದಿನ ಬಂತು. ಪಟ್ಟಿಯಲ್ಲಿ ಬೆಳೆದದ್ದಕ್ಕೆ ಉಳಿದಿದ್ದ ಹಳೆಯ ಬೀಜವನ್ನೂ ಸುರಿದು, ಎರಡು ಸೇರು ತೊಗರಿಯನ್ನು ಹೊಸ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದೆ. ಆದರೆ ಅಂಗಳ ಬೇರೆ. ಈಗ ಎಲ್ಲರೂ ಮುಖಂಡೆಯ ಮನೆಯ ಮುಂದೆ ಕೂತಿದ್ದರು, ಆಯಿ ಹಿಂದಿನ ಸಾಲಿನಲ್ಲಿ, ಬುಟ್ಟಿ ಹಿಡಿದುಕೊಂಡು. ನಾನು ನಿಂತು ಹೇಳಿದೆ: ಆಯಿಯ ಬೀಜ ಬೆರಕಿ ಅಲ್ಲ, ಎಂದೂ ಆಗಿರಲಿಲ್ಲ, ಕೇಳಬೇಕಾದ ಮಾತು ನಾನು ಕೇಳಲಿಲ್ಲ, ನೋಡಬೇಕಾದ್ದು ನೋಡಲಿಲ್ಲ. ನೀರು ತೋರಿಸುವುದರಿಂದ ಎಲೆಯೊಳಗೆ ಏನಾಗುತ್ತದೆ ಎಂಬುದನ್ನೂ ನನ್ನ ಬಡ ಭಾಷೆಯಲ್ಲಿ ಹೇಳಿದೆ. ಹೆಣ್ಣುಮಕ್ಕಳು ಗೌರವದಿಂದಲೇ ಕೇಳಿದರು. "ಹೌದೇನ್ರಿ, ಛಲೋ ಆತು ಬಿಡ್ರಿ" ಎಂದಳು ಮುಖಂಡೆ. ಒಬ್ಬಿಬ್ಬರು ಆಯಿಯ ಕಡೆ ತಿರುಗಿ ನೋಡಿದರು. ಅಂಗಳ ಮಾತ್ರ ಬದಲಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ವರ್ಷದಲ್ಲಿ ಅವರಿಗೆ ಹೊಸ ದಾರಿ ರೂಢಿಯಾಗಿತ್ತು.

ಗಂಟನ್ನು ಆಯಿಯ ಮುಂದೆ ಇಟ್ಟು, ನಮ್ಮ ತೋಟದಲ್ಲಿ ಬೆಳೆದದ್ದು ಎಂದೆ. ಅವಳು ಬಿಚ್ಚಿದಳು. ಕಾಳನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ, ಬೆಳಕಿಗೂ ಹಿಡಿಯಲಿಲ್ಲ. ಒಂದೇ ಮಾತು ಕೇಳಿದಳು.

"ಬಾಜೂಕ ಯಾವ ತೊಗರಿ ಇತ್ತು?"

ಎಡಕ್ಕೆ ಒಂದು ಸುಧಾರಿತ ತಳಿ, ಬಲಕ್ಕೆ ಇನ್ನೊಂದು. ಹಾಗೆಂದು ಹೇಳಿದೆ. ಹೇಳುತ್ತಿರುವಾಗಲೇ ನನ್ನ ದನಿ ಇಳಿಯಿತು. ತೊಗರಿಯ ಹೂವಿಗೆ ಜೇನು ಬರುತ್ತದೆ, ಒಂದರ ಪರಾಗ ಇನ್ನೊಂದಕ್ಕೆ ಒಯ್ಯುತ್ತದೆ. ಆಯಿಯ ಹೊಲದಲ್ಲಿ ತೊಗರಿಯ ಸುತ್ತ ನಾಲ್ಕೂ ಕಡೆ ಎದೆಯೆತ್ತರ ಜೋಳ ಇರುತ್ತಿತ್ತು. ಅದು ನೆರಳು ಬೀಳಿಸುತ್ತದೆ ಎಂದು ನಾನು ನನ್ನ ಪುಸ್ತಕದಲ್ಲಿ ದೂರು ಬರೆದುಕೊಂಡಿದ್ದೆ. ಬೇರೆ ತೊಗರಿ ಹತ್ತಿರ ಸುಳಿಯದಂತೆ ಅವಳು ಕಟ್ಟಿದ್ದ ಬೇಲಿ ಅದು. ಜೇನು ಬೆರೆಸಿದ್ದು ಆ ವರ್ಷದ ಕಾಳಿನ ಸಿಪ್ಪೆಯಲ್ಲಿ ಕಾಣುವುದಿಲ್ಲ, ಅಂಗೈಯಲ್ಲಿ ಎಷ್ಟು ಹರಡಿದರೂ ಕಾಣುವುದಿಲ್ಲ. ಬಿತ್ತಿದ ಮೇಲೆ ಗಿಡದಲ್ಲಿ ಕಾಣುತ್ತದೆ.

ಇಷ್ಟೂ ಹೆಂಗಸರು ನೋಡುತ್ತಿದ್ದರು. ಅವಳು ಈಗ ಆ ಮಾತು ಅಂದರೆ ನ್ಯಾಯ ಎಂದು ನಾನು ತಲೆ ತಗ್ಗಿಸಿ ಕಾದೆ. ಆಯಿ ಗಂಟು ಕಟ್ಟಿದಳು. "ಎರಡು ಸೇರು ಬರೋಬ್ಬರಿ ಅದ. ಲೆಕ್ಕ ಮುಟ್ಟಿತು" ಎಂದು ಎಲ್ಲರಿಗೂ ಕೇಳುವಂತೆ ಅಂದಳು. ನನ್ನನ್ನು ಮನೆಗೆ ಕರೆದುಕೊಂಡು ನಡೆದಳು.

ಮನೆಗೆ ಇನ್ನೊಂದು ಸಣ್ಣ ಗಂಟು ಬಂದಿತ್ತು, ತವರಿಂದ ಒಯ್ದು ಬೆಳೆಸಿಕೊಂಡಿದ್ದ ಆಯಿಯದೇ ಬೀಜ, ಪೆದ್ದೆಮುಲ್‌ನಿಂದ ಮಗಳು ಬಸ್ಸಿನಲ್ಲಿ ಕಳಿಸಿದ್ದು. ಆಗಲೇ ನೀರು ತೋರಿಸಿ ಕಂಬಳಿಯ ಮೇಲೆ ಹರಡಿಯಾಗಿತ್ತು. ಈ ವರ್ಷ ಒಂದು ತುಂಡು ಹೊಲದಲ್ಲಿ ಅದನ್ನೇ ಹಾಕಲು ಮಗ ಒಪ್ಪಿದ್ದ. ನನ್ನ ಎರಡು ಸೇರನ್ನು ಅವಳು ಆ ಕಂಬಳಿಯ ಹತ್ತಿರವೂ ಒಯ್ಯಲಿಲ್ಲ. ಬೀಸುವ ಕಲ್ಲಿನ ಪಕ್ಕಕ್ಕೆ ಇಟ್ಟಳು.

"ಆಯಿ, ಅದು ಬೆರಕಿ ಆಗ್ಯದ" ಎಂದೆ. "ಅಲ್ಲಿ ಯಾಕ ಅನ್ನಲಿಲ್ಲ?"

"ಬೀಜಕ್ಕ ಆ ಮಾತು ಮಂದ್ಯಾಗ ಅನ್ನಬಾರದಪ್ಪಾ" ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ಸಾಹೇಬ್ರ ಎನ್ನಲಿಲ್ಲ. "ಕೂಡು. ಬ್ಯಾಳಿ ಒಡೀತೀನಿ. ಉಂಡು ಹೋಗು."